ಹಳ್ಳದ ಜಾಲಿಗೆ ಕಟ್ಟಿದ ಕ್ಯಾಮೆರಾ

ಅಡುಗೆಮನೆಯ ಬಾಗಿಲ ಹಿಂದೆ ತೂಗುಹಾಕಿರುವ ತೋಳದ ಫೋಟೋ ಬಗ್ಗೆ ಹೋದ ರಜೆಯಲ್ಲಿ ನೀವಿಬ್ಬರೂ ಮೊಮ್ಮಕ್ಕಳು ಕೇಳಿದಿರಿ. "ಆಯಿ, ಇಷ್ಟು ಛಲೋ ಫೋಟೋ ಬಾಗಿಲ ಹಿಂದ ಯಾಕ ಹಾಕೀದಿ?" ಹೊರಗೆ ಹಾಕಿದರೆ ಬಿಸಿಲಿಗೆ ಬಣ್ಣ ಹೋಗುತ್ತದೆ ಅಂದೆ. ಅದು ಸುಳ್ಳು. ನಿಮ್ಮ ಎದುರು ಕೂತು ನಿಜ ಹೇಳುವ ಧೈರ್ಯ ನನಗೆ ಬರಲಿಲ್ಲ. ಮೊದಲಿನಿಂದಲೂ ನಾನು ಮಾತಿನವಳಲ್ಲ. ಅಫಜಲಪುರದ ಕಡೆ ಭೀಮಾ ದಂಡೆಯ ತವರೂರಿನಲ್ಲಿ ಏಳನೇ ತರಗತಿಯವರೆಗೆ ಓದಿದೆ. ಪಾಠ ಬರುತ್ತಿತ್ತು, ಎದ್ದು ನಿಂತು ಹೇಳಲು ಬರುತ್ತಿರಲಿಲ್ಲ. ಮಾಸ್ತರು ಕೈಗೆ ಪಾಟಿ ಕೊಟ್ಟು "ಬರದು ತೋರ್ಸು" ಅನ್ನುತ್ತಿದ್ದರು. ಈಗಲೂ ಬರೆದೇ ತೋರಿಸುತ್ತೇನೆ.

ನಿಮ್ಮ ಮುತ್ಯಾ, ನನ್ನ ಗಂಡ, ತೀರಿಕೊಂಡ ಮರುವರ್ಷದ ಮಾತು. ದಸರೆ ಮುಗಿದಿತ್ತು. ಹೊಲದಲ್ಲಿ ತೊಗರಿ ಎದೆಮಟ್ಟ ಬಂದು ಹಳದಿ ಹೂ ಬಿಟ್ಟಿತ್ತು. ಬೆನ್ನಿಗೆ ಚೀಲ ಹಾಕಿಕೊಂಡ ಒಬ್ಬ ಹುಡುಗಿ ಬೈಕಿನ ಮೇಲೆ ನಮ್ಮ ಅಂಗಳಕ್ಕೆ ಬಂದಳು. ಮೈಸೂರಿನ ಕಡೆಯವಳು, ಕಾಡುಪ್ರಾಣಿಗಳ ಬಗ್ಗೆ ಓದುತ್ತಿದ್ದಾಳಂತೆ. ನಮ್ಮ ಹೊಲದಾಚೆಯ ಹಳ್ಳದ ದಂಡೆಯಲ್ಲಿ ತೋಳದ ಹೆಜ್ಜೆ ನೋಡಿದ್ದಾಳೆ, ಅಲ್ಲೊಂದು ಕ್ಯಾಮೆರಾ ಕಟ್ಟಬೇಕು, ಹೊಲದವರ ಒಪ್ಪಿಗೆ ಬೇಕು ಎಂದಳು. ನನ್ನ ಮಗ, ನಿಮ್ಮ ಮಾವ, ಒಪ್ಪಿದ. ಜೇವರ್ಗಿ ತಾಲೂಕಿನಲ್ಲಿ ಅಂದೋಲಾದ ಆಚೆ ನಾಲ್ಕು, ಭೀಮಾ ದಂಡೆಗೆ ಮೂರು ಕ್ಯಾಮೆರಾ ಆಗಲೇ ಕಟ್ಟಿ ಬಂದಿದ್ದಳು.

"ಫೋಟೋ ತೆಗ್ಯಾಕ ಯಾರ್ ಕೂಡ್ತಾರವಾ ಅಲ್ಲಿ?" ಎಂದು ಕೇಳಿದೆ.

"ಯಾರೂ ಕೂರಲ್ಲ ಅಜ್ಜಿ. ಮುಂದೆ ಮೈಬಿಸಿ ಇರೋ ಜೀವ ಹಾದುಹೋದರೆ ಸಾಕು, ಅದಕ್ಕೇ ಗೊತ್ತಾಗುತ್ತೆ. ತಾನೇ ತೆಗೆಯುತ್ತೆ."

ನೀವು ಚಿಕ್ಕಾಯಿ ಎನ್ನುವ ನನ್ನ ನೆಗೆಣ್ಣಿ, ನಿಮ್ಮ ಮುತ್ಯಾನ ತಮ್ಮನ ಹೆಂಡತಿ, ಅಲ್ಲೇ ಕೂತು ಕಾಳು ಹಸನು ಮಾಡುತ್ತಿದ್ದಳು. "ಹಂಗಾದ್ರ ನಮ್ಮನಿ ಗಂಡಸೂರ ಮುಂದ ಇಡವಾ. ಹಗಲೆಲ್ಲ ಮಲಗಿರ್ತಾರ, ಮೈ ಬಿಸಿ ಅದನೋ ಇಲ್ಲೋ ತಿಳೀಲಿ," ಅಂದಳು. ಹುಡುಗಿಗೆ ಅರ್ಧ ತಿಳಿಯಿತು, ಪೂರ್ತಿ ನಕ್ಕಳು.

ಕ್ಯಾಮೆರಾ ಅಂದರೆ ಬುತ್ತಿ ಡಬ್ಬಿಯಷ್ಟು ದೊಡ್ಡ, ಮಣ್ಣಿನ ಬಣ್ಣದ ಪೆಟ್ಟಿಗೆ. ಹಳ್ಳಕ್ಕೆ ಇಳಿಯುವ ಕಾಲುದಾರಿಯ ಪಕ್ಕದ ಜಾಲಿಮರಕ್ಕೆ ಮೊಣಕಾಲೆತ್ತರದಲ್ಲಿ ಪಟ್ಟಿಯಿಂದ ಬಿಗಿದಳು. ಹದಿನೈದು ದಿನಕ್ಕೊಮ್ಮೆ ಬಂದು ಒಳಗಿನ ಕಾರ್ಡು ತೆಗೆದು, ನಮ್ಮ ಪಡಸಾಲೆಯಲ್ಲಿ ಕೂತು ಲ್ಯಾಪ್‌ಟಾಪಿಗೆ ಹಾಕಿ ನೋಡುತ್ತಿದ್ದಳು. ನಮಗೂ ತೋರಿಸುತ್ತಿದ್ದಳು. ಮುಂಗುಸಿ, ಮೊಲ, ಮುಳ್ಳುಹಂದಿ, ನರಿ. ದಿನಾ ನಾವು ತುಳಿಯುವ ದಾರಿಯಲ್ಲಿ ನಾವಿಲ್ಲದಾಗ ಇಷ್ಟು ಜನ ಓಡಾಡುತ್ತಿದ್ದರೆಂದು ನನಗೆ ಗೊತ್ತೇ ಇರಲಿಲ್ಲ.

ಆ ವರ್ಷದ ಎಳ್ಳಮಾವಾಸ್ಯೆಗೂ ಎಂದಿನಂತೆ ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗಿ, ಪೂಜೆ ಮಾಡಿ, ಚರಗ ಚೆಲ್ಲಿದೆವು. ಸಜ್ಜೆ ರೊಟ್ಟಿ, ಕಡಬು, ಭಜ್ಜಿ, ಎಲ್ಲದರಲ್ಲೂ ಒಂದಿಷ್ಟು ಹೊಲದ ನಾಲ್ಕು ದಿಕ್ಕಿಗೂ ಎರಚಿದೆವು. ಮದುವೆಯಾಗಿ ಬಂದಂದಿನಿಂದ ನಾನು ಚರಗ ಚೆಲ್ಲುತ್ತಲೇ ಇದ್ದೆ. ಭೂಮಿತಾಯಿಗೆ ಅಂತ ಚೆಲ್ಲುತ್ತಿದ್ದೆ. ತಿನ್ನುವವರು ಯಾರು ಎಂದು ಯೋಚಿಸಿದವಳೇ ಅಲ್ಲ. ಆ ಸಲ ಹುಡುಗಿ ಕಾರ್ಡು ತೆಗೆದು ನೋಡಿದವಳು "ಅಜ್ಜಿ!" ಎಂದು ಕೂಗಿದಳು. ಬೆಳಗಿನ ಎಳೆಬಿಸಿಲಿನಲ್ಲಿ ಒಂದು ತೋಳ. ಹಳ್ಳದ ದಾರಿಯಲ್ಲಿ ಬಿದ್ದ ನಮ್ಮ ಕಡಬು ಅದರ ಬಾಯಲ್ಲಿ. ಕಣ್ಣು ಅರ್ಧ ಮುಚ್ಚಿದೆ. ಹೊಟ್ಟೆಯ ಕೆಳಗೆ ಹಾಲು ತುಂಬಿದ ಮೊಲೆಗಳು.

"ನನ್ನ ಕಡಬು ಕಲ್ಲಾಗ್ಯಾವ ಅಂತ ಮನ್ಯಾಗ ಮುಖ ತಿರುವತಾರ. ತ್ವಾಳ ನೋಡಕ್ಕಾ, ಕಣ್ಮುಚ್ಚಿ ತಿನ್ನಾಕತ್ತದ!" ಅಂದಳು ನೆಗೆಣ್ಣಿ.

ನಾನು ಆ ಮೊಲೆಗಳನ್ನೇ ನೋಡಿದೆ. "ಬಾಣಂತಿ ಅದ," ಅಂದೆ. ಹುಡುಗಿ ತಲೆಯಾಡಿಸಿದಳು. ಹಳ್ಳದ ದಂಡೆಯ ಬಿಲದಲ್ಲಿ, ನಾವು ಗುದ್ದು ಅನ್ನುವಲ್ಲಿ, ಮರಿಗಳಿವೆ, ಯಾರಿಗೂ ಹೇಳಬೇಡಿ, ಎರಡು ತಿಂಗಳಲ್ಲಿ ಅವು ನಡೆಯುವಂತಾಗಿ ಹೊರಟುಹೋಗುತ್ತವೆ ಎಂದಳು. ನಾನು ಹೇಳಲಿಲ್ಲ. ಹೇಳದೆ ಇರುವುದು ನನಗೆ ಚೆನ್ನಾಗಿ ಬರುತ್ತದೆ.

ಇನ್ನು ಬರೆಯುವುದು ನನಗೆ ನಾಚಿಕೆಯ ಮಾತು. ಆದರೆ ಇದನ್ನು ಬಿಟ್ಟರೆ ಮುಂದಿನದು ತಿಳಿಯುವುದಿಲ್ಲ.

ನಮ್ಮ ಮನೆಯಲ್ಲಿ ಪಾಯಖಾನೆ ಇತ್ತು. ನಿಮ್ಮ ಮಾವ ಹಿತ್ತಲಲ್ಲಿ ಕಟ್ಟಿಸಿದ್ದ. ಅದರಲ್ಲಿ ನಾನು ತೊಗರಿ ಕಟ್ಟಿಗೆ ಒಟ್ಟಿದ್ದೆ. ಹೊಸ ಸಿಮೆಂಟಿನ ಕೋಣೆ, ಮೇಲೆ ತಗಡಿನ ಪತ್ರಾಸು, ಒಂದು ಹನಿ ನೀರು ಬೀಳದು. ಒಲೆಗೆ ವರ್ಷವಿಡೀ ಒಣ ಕಟ್ಟಿಗೆ ಸಿಗುತ್ತದಲ್ಲ ಎಂದು ಖುಷಿಪಟ್ಟವಳು ನಾನೇ. ನಮ್ಮ ಓಣಿಯಲ್ಲಿ ಒಂದು ಮನೆಯ ಪಾಯಖಾನೆಯಲ್ಲಿ ಸಗಣಿಯ ಕುಳ್ಳು, ಇನ್ನೊಂದರಲ್ಲಿ ಆಡಿನ ಮರಿ. ಹೆಂಗಸರೆಲ್ಲ ತಂಬಿಗೆ ಹಿಡಿದು ಬಯಲಿಗೇ ಹೋಗುತ್ತಿದ್ದೆವು. ತೊಗರಿ ನಿಂತಿರುವವರೆಗೆ ತೊಂದರೆಯಿಲ್ಲ, ಆಳೆತ್ತರದ ಮರೆ. ಕೊಯ್ದು ರಾಶಿ ಮುಗಿದ ಮೇಲೆ ಹೊಲ ಅಂಗೈಯಂತೆ ಬಯಲಾಗುತ್ತದೆ. ಆಗ ಮರೆ ಇರುವುದು ಹಳ್ಳದ ಜಾಲಿಕಂಟಿಯಲ್ಲಿ ಮಾತ್ರ.

ಆ ವರ್ಷ ರಾಶಿಯಾಯಿತು. ಮರುದಿನ ಬೆಳಗ್ಗೆ ತಂಬಿಗೆ ಹಿಡಿದು ಹೋದವಳಿಗೆ ಜಾಲಿಮರದ ಪೆಟ್ಟಿಗೆ ಕಂಡಿತು. ಕಾಲು ಅಲ್ಲೇ ನಿಂತವು. ಮಿಕ್ಕ ಹೆಂಗಸರು ಮರಡಿ ಗುಡ್ಡದ ಆಚೆ ಹೋಗತೊಡಗಿದರು. ನನ್ನ ಮೊಣಕಾಲಿಗೆ ಅಷ್ಟು ದೂರ ಆಗುತ್ತಿರಲಿಲ್ಲ.

"ಡಬ್ಬಿ ಆಚಿ ಸರಸು ಅಂತ ಆಕಿಗೆ ಹೇಳಬಾರ್ದೇನಕ್ಕಾ?" ಅಂದಳು ನೆಗೆಣ್ಣಿ.

"ನೀನೇ ಹೇಳ್ ಬೇ."

"ಯವ್ವಾ, ನಾ ಯಾಕ ಹೇಳ್ಲಿ? ನಿಮ್ಮ ಹೊಲ, ನಿಮ್ಮ ಹುಡುಗಿ."

ಹೇಳಿದ್ದರೆ ಆ ಹುಡುಗಿ ಒಂದು ಮಾತೂ ಆಡದೆ ಪೆಟ್ಟಿಗೆಯನ್ನು ಹತ್ತು ಮಾರು ಆಚೆ ಕಟ್ಟುತ್ತಿದ್ದಳು. ಈಗ ಅದು ತಿಳಿಯುತ್ತದೆ. ಆಗ ನನ್ನ ಮನಸ್ಸಿನಲ್ಲಿದ್ದುದು ಒಂದೇ: "ಮನೆಯಲ್ಲಿ ಇಲ್ವಾ ಅಜ್ಜಿ?" ಎಂದು ಅವಳು ಕೇಳಿದರೆ ಏನು ಹೇಳಲಿ? ಕಟ್ಟಿಗೆ ತುಂಬಿದ್ದೇನೆ ಎಂದು ಆ ಕಲಿತ ಹುಡುಗಿಗೆ ಹೇಗೆ ಹೇಳಲಿ?

ನಿಮ್ಮ ಮುತ್ಯಾನ ಹಳೆಯ ಧೋತರ ಹರಿದು ಒಂದು ತುಂಡು ಸೆರಗಿನಲ್ಲಿ ಇಟ್ಟುಕೊಂಡೆ. ಬೆಳಗ್ಗೆ ಹೋಗುವಾಗ ಹಿಂದಿನಿಂದ ಬಂದು, ಪೆಟ್ಟಿಗೆಯ ಮುಖಕ್ಕೆ ಅದನ್ನು ಎರಡು ಸುತ್ತು ಕಟ್ಟುವುದು. ಬರುವಾಗ ಬಿಚ್ಚುವುದು. ಐದಾರು ದಿನ ಹೀಗೆ ನಡೆಯಿತು. ಯಾರಿಗೂ ನಷ್ಟವಿಲ್ಲ ಅಂದುಕೊಂಡೆ.

ಒಂದು ಬೆಳಗ್ಗೆ ಕಟ್ಟಿ ಹೋಗಿ, ಬಿಚ್ಚಲು ಬರುವಷ್ಟರಲ್ಲಿ ದಾರಿಯಲ್ಲಿ ಕುರಿಗಳ ಸದ್ದಾಯಿತು. ಕುರಿ ಮುತ್ಯಾ ಎಂದು ನೀವು ಕರೆಯುತ್ತೀರಲ್ಲ, ಅವರು ರಾಶಿಯಾದ ನಮ್ಮ ಹೊಲದಲ್ಲಿ ಗೊಬ್ಬರಕ್ಕೆಂದು ರಾತ್ರಿ ಕುರಿ ತರುಬಿ ನಿಲ್ಲಿಸಲು ಬಂದಿದ್ದರು. ಗಂಡಸಿನ ಎದುರು ಪೆಟ್ಟಿಗೆಯ ಬಟ್ಟೆ ಬಿಚ್ಚುತ್ತ ನಿಲ್ಲುವುದು ಹೇಗೆ ಎಂದು ನಾನು ಹಳ್ಳದ ಇನ್ನೊಂದು ದಾರಿಯಿಂದ ಮನೆಗೆ ಬಂದುಬಿಟ್ಟೆ. ಸಂಜೆ ಬಿಚ್ಚಿದರಾಯಿತು ಅಂದುಕೊಂಡೆ. ಮಧ್ಯಾಹ್ನ ತವರಿನಿಂದ ಫೋನು ಬಂತು, ನಮ್ಮ ಅಣ್ಣನ ಮೊಮ್ಮಗನ ತೊಟ್ಟಿಲ ಕಾರ್ಯ. ಆಳಂದದಿಂದ ಬಸ್ಸು ಹಿಡಿದು ಹೋದೆ. ನಾಲ್ಕು ದಿನ ಅಲ್ಲೇ ಉಳಿದೆ. ಅಲ್ಲಿ ನಕ್ಕೆ, ಉಂಡೆ, ಜೋಗುಳ ಹಾಡಿದೆ. ಒಮ್ಮೆಯೂ ಆ ಬಟ್ಟೆ ನೆನಪಾಗಲಿಲ್ಲ.

ತಿರುಗಿ ಬಂದಾಗ ಊರೆಲ್ಲ ಕಟ್ಟೆಯ ಮೇಲಿತ್ತು. ಹಿಂದಿನ ದಿನ ಬೆಳಗಿನ ಜಾವ ಯಾವುದೋ ಪ್ರಾಣಿ ಕುರಿಹಟ್ಟಿಯ ಬಲೆ ಹರಿದು ಐದು ಮರಿಗಳನ್ನು ಕೊಂದಿತ್ತು. ಮೂರನ್ನು ಅಲ್ಲೇ ಬಿಟ್ಟು ಎರಡನ್ನು ಹಳ್ಳದ ದಾರಿಗುಂಟ ಎಳೆದುಕೊಂಡು ಹೋಗಿತ್ತು. ನೆಲದ ಮೇಲೆ ಎಳೆದ ಗೆರೆ ಜಾಲಿಮರದ ಮುಂದೆಯೇ ಹಾದಿತ್ತು.

"ಗುದ್ದಿನಾಗ ತ್ವಾಳ ಈದದ ಅಂತ ನನಗ ಮೊದ್ಲೇ ಗೊತ್ತಿತ್ತು," ಅನ್ನುತ್ತಿದ್ದರು ಕುರಿ ಮುತ್ಯಾ. ಕಣ್ಣು ಕೆಂಪಾಗಿದ್ದವು. "ಬಾಣಂತಿ ಇರವಲ್ದ್ಯಾಕ ಅಂತ ಬಿಟ್ಟಿದ್ದೆ. ನನ್ನ ಮರಿ ತಿಂದು ತನ್ನ ಮರಿಗಿ ಹಾಲು ಕುಡಸ್ತದಂದ್ರ ನಾ ಹ್ಯಾಂಗ ಬಿಡ್ಲಿ? ಗುದ್ದಿಗಿ ಹೊಗಿ ಹಾಕ್ತೇನಿ."

ಸುದ್ದಿ ತಿಳಿದು ಹುಡುಗಿ ಜೇವರ್ಗಿಯಿಂದ ಹೊರಟಿದ್ದಳು. ಅವಳು ಬರುವ ಮೊದಲೇ ನಾನು ಹಳ್ಳಕ್ಕೆ ಹೋದೆ. ಬಟ್ಟೆ ಕಟ್ಟಿದಲ್ಲೇ ಇತ್ತು. ಬಿಚ್ಚಿ ಮಡಿಚಿ ಸೆರಗಿನಲ್ಲಿ ಇಟ್ಟುಕೊಂಡು ಬಂದೆ. ಮರೆವಿಗೆ ಕ್ಷಮೆ ಇದ್ದರೂ ಇರಬಹುದು. ಆ ಸಂಜೆ ಬಿಚ್ಚಿ ತಂದದ್ದು ಮರೆವಲ್ಲ.

ಹುಡುಗಿ ಬಂದು ಕಟ್ಟೆಯ ಮುಂದೆ ನಿಂತಳು. "ಮುತ್ಯಾ, ಸ್ವಲ್ಪ ತಾಳಿ. ತೋಳನೇ ಅಂತ ಯಾಕೆ ಹೇಳ್ತೀರಿ? ಎಳೆದುಕೊಂಡು ಹೋಗಿರೋದು ನನ್ನ ಕ್ಯಾಮೆರಾ ಮುಂದೆಯೇ. ಯಾರು ಎಳೆದರೋ ಅವರ ಫೋಟೋ ಅದರಲ್ಲಿರುತ್ತೆ. ತೋಳ ಆಗಿದ್ದರೆ ನಾನು ಮಾತಾಡಲ್ಲ. ಅಲ್ಲದಿದ್ದರೆ ತೋಳದ ಮರಿಗಳನ್ನ ಮುಟ್ಟಬಾರದು."

ಹಿರಿಯರು ಒಪ್ಪಿದರು. ಕುರಿ ಮುತ್ಯಾನೂ ಒಪ್ಪಿದರು. "ನನಗೂ ದ್ವೇಷ ಇಲ್ಲವಾ. ಖರೇ ತೋರ್ಸು, ಸುಮ್ನಾಗ್ತೇನಿ."

ಹೀಗೆ ಆ ಮರಿಗಳ ಜೀವ ಅವಳ ಒಂದು ಕಾರ್ಡಿನ ಮೇಲೆ ಬಂದು ನಿಂತಿತು. ಹಳ್ಳಕ್ಕೆ ಹೋಗಿ ಕಾರ್ಡು ತಂದು, ಕಟ್ಟೆಯ ಮೇಲೆಯೇ ಲ್ಯಾಪ್‌ಟಾಪು ತೆರೆದಳು. ಅವಳ ಹಿಂದೆ ಗಂಡಸರು ಒತ್ತಿಕೊಂಡು ನಿಂತರು. ನಾವು ಹೆಂಗಸರು ಎದುರಿನ ಮನೆಯ ಬಾಗಿಲಲ್ಲಿ ನಿಂತಿದ್ದೆವು. ಅಷ್ಟು ದೂರದಿಂದ ನನಗೆ ಪರದೆ ಕಾಣುತ್ತಿರಲಿಲ್ಲ. ಅವಳ ಮುಖ ಕಾಣುತ್ತಿತ್ತು. ಅವಳ ಬೆರಳು ಒಂದರ ಮೇಲೊಂದು ಫೋಟೋ ಸರಿಸುತ್ತ ಹೋಯಿತು. ಒಂದು ಕಡೆ ಗಕ್ಕನೆ ನಿಂತಿತು. ಹಿಂದಿನವರಿಗೆ ಕಾಣುವ ಮೊದಲೇ ಅದನ್ನು ದಾಟಿಸಿದಳು. ಮುಂದಿನದೆಲ್ಲ ಕಪ್ಪಂತೆ.

"ಏನೂ ಇಲ್ಲಲ್ಲ?" ಅಂದರು ಒಬ್ಬರು.

ಅವಳು ತಲೆಯೆತ್ತಿ, ಹೆಂಗಸರ ಗುಂಪಿನಲ್ಲಿ ನೇರ ನನ್ನನ್ನೇ ನೋಡಿದಳು. ಎಷ್ಟು ಹೊತ್ತು ನೋಡಿದಳೋ. ಒಂದು ಲೋಟ ನೀರು ಕುಡಿಯುವಷ್ಟು ಹೊತ್ತು ಇರಬೇಕು. ನಾನು ಸೆರಗು ಮುಂದಕ್ಕೆ ಎಳೆದುಕೊಂಡೆ.

"ಬ್ಯಾಟರಿ ಮುಗಿದಿದೆ," ಎಂದಳು ಅವಳು. "ನಾನು ನೋಡಿಕೊಳ್ಳಬೇಕಿತ್ತು. ನನ್ನ ತಪ್ಪು."

ಗಂಡಸರು ನಕ್ಕರು. "ಮೊಲ ಬಂದ್ರ ತೆಗೀತದ, ಖೂನಿ ಆದ್ರ ನಿದ್ದಿ ಮಾಡ್ತದ! ಇದೂ ನಮ್ಮ ಊರಿನ ನಾಯಿನೇ ಆತಲ್ಲ," ಅಂದ ಒಬ್ಬ. ಕುರಿ ಮುತ್ಯಾ ನಗಲಿಲ್ಲ. "ಮಾತು ಮುಗೀತಲ್ಲವಾ?" ಎಂದಷ್ಟೇ ಅಂದು ಎದ್ದರು. ಹುಡುಗಿ ಅರಣ್ಯದವರನ್ನು ಕರೆತರುತ್ತೇನೆಂದು ಬೈಕು ತಿರುಗಿಸಿ ಕಲಬುರಗಿಗೆ ಹೊರಟಳು.

ಮರುದಿನ ಬೆಳಗ್ಗೆ ನಿಮ್ಮ ಮಾವ ತೊಗರಿ ಮಾರಲು ಆಳಂದಕ್ಕೆ ಹೋಗಿದ್ದ. ಕುರಿ ಮುತ್ಯಾ ನಮ್ಮ ಹಿತ್ತಲಿಗೆ ಬಂದರು. ನಿಮ್ಮ ಮುತ್ಯಾನನ್ನು ಅಣ್ಣಾ ಅನ್ನುತ್ತಿದ್ದವರು, ನನ್ನನ್ನು ವೈನಿ ಎನ್ನುತ್ತಿದ್ದರು.

"ವೈನಿ, ನಾಕು ಹೊರಿ ತೊಗರಿ ಕಟಗಿ ಕೊಡ್ರಿ. ನಿಮ್ಮನಿ ಕಟಗಿ ಒಣಗ್ಯಾವ, ಲಗೂನ ಹತ್ತತಾವ."

ಏತಕ್ಕೆ ಎಂದು ನಾನು ಕೇಳಲಿಲ್ಲ. ಕೇಳುವ ಅಗತ್ಯ ಇರಲಿಲ್ಲ. ಆಗಲಾದರೂ ಬಾಯಿ ಬಿಡಬಹುದಿತ್ತು. ಹಿತ್ತಲಲ್ಲಿ ನಾವಿಬ್ಬರೇ ಇದ್ದೆವು, ಕಟ್ಟೆಯ ಮೇಲಿನ ಜನ ಇರಲಿಲ್ಲ. 'ಕ್ಯಾಮೆರಾಕ್ಕ ನಾ ಬಟ್ಟಿ ಕಟ್ಟಿದ್ದೆ, ಇನ್ನೊಂದು ವಾರ ತಾಳ್ರಿ' ಎಂದರೆ ಸಾಕಿತ್ತು. ಅವರು ಕೆಟ್ಟ ಮನುಷ್ಯರಲ್ಲ, ಕೇಳುತ್ತಿದ್ದರು. ಬಾಯಿಯ ಬದಲು ಕೈ ಹೋಗಿ ಪಾಯಖಾನೆಯ ಚಿಲಕ ತೆಗೆಯಿತು.

ನಾಲ್ಕು ಹೊರೆ ಅಂದವರು ಒಟ್ಟನ್ನೆಲ್ಲ ಒಯ್ದರು. ಬಿಸಿಲೇರುವ ಹೊತ್ತಿಗೆ ಹಳ್ಳದ ಕಡೆ ಹೊಗೆ ಎದ್ದಿತು. ನಾನು ರೊಟ್ಟಿ ಬಡಿಯುತ್ತಿದ್ದೆ. ಬಡಿಯುತ್ತಲೇ ಇದ್ದೆ, ಅಂದು ಎಷ್ಟು ರೊಟ್ಟಿಯಾದವೆಂದರೆ ಮೂರು ದಿನ ಉಂಡರೂ ಮುಗಿಯಲಿಲ್ಲ. ಹುಡುಗಿ ಅರಣ್ಯದವರನ್ನು ಕರೆದುಕೊಂಡು ಬಂದಾಗ ಮಧ್ಯಾಹ್ನ ದಾಟಿತ್ತು. ಗುದ್ದಿನಲ್ಲಿ ನಾಲ್ಕು ಮರಿಗಳಿದ್ದವಂತೆ. ತಾಯಿ ಒಳಗಿರಲಿಲ್ಲ. ಗುದ್ದಿಗೆ ಬೆಂಕಿ ಹಾಕಿದ್ದು ಯಾರೆಂದು ಅರಣ್ಯದವರು ಕೇಳಿದರೆ ಇಡೀ ಊರು ನನ್ನ ಹಾಗೆ ಆಯಿತು, ಯಾರಿಗೂ ಬಾಯಿ ಇರಲಿಲ್ಲ. ಆಮೇಲೆ ಮೂರು ದಿನ ಸಂಜೆ ಮರಡಿಯ ಮೇಲಿಂದ ಒಂದು ಕೂಗು ಬರುತ್ತಿತ್ತು. ನೆಗೆಣ್ಣಿ ಕಿವಿಗೆ ಸೆರಗು ಸುತ್ತಿಕೊಂಡು, "ಯಾರರ ಅದಕ್ಕ ಹೋಗಂತ ಹೇಳ್ರೇ," ಅನ್ನುತ್ತಿದ್ದಳು. ನಾಲ್ಕನೆಯ ದಿನ ಅದು ಹೋಯಿತು.

ಹದಿನೈದು ದಿನವೂ ಆಗಿರಲಿಲ್ಲ. ಕಿಣ್ಣಿ ಸುಲ್ತಾನದ ದಾರಿಯ ಒಂದು ಹೊಲದಲ್ಲಿ ಕುರಿ ತರುಬಿದ್ದಾಗ ಮತ್ತೆ ಹಟ್ಟಿಯ ಬಲೆ ಹರಿಯಿತು. ಈ ಸಲ ಕುರಿ ಮುತ್ಯಾ ಎಚ್ಚರಿದ್ದರು. ಕೋಲು ಹಿಡಿದು ಎದ್ದು ಕಣ್ಣಾರೆ ಕಂಡರು. ರಸ್ತೆಬದಿಯಲ್ಲಿ ಕೋಳಿ ಅಂಗಡಿಯವರು ಚೆಲ್ಲುವ ಕಸ ತಿಂದು ಬೆಳೆದ ಬೀದಿನಾಯಿಗಳು, ಏಳೆಂಟು. ಕುರಿ ಮುತ್ಯಾ ಮರುದಿನ ನಮ್ಮ ಪಡಸಾಲೆಗೆ ಬಂದು ಕೂತರು. ತಲೆಯ ರುಮಾಲು ಬಿಚ್ಚಿ ಮೊಣಕಾಲ ಮೇಲೆ ಇಟ್ಟುಕೊಂಡರು.

"ತ್ವಾಳ ಇರ್ಲಿಲ್ರಿ ವೈನಿ," ಅಂದರು. "ಬಾಣಂತಿ ಮನಿಗಿ ಬೆಂಕಿ ಹಚ್ಚಿದೆ ನಾ. ಆ ಹುಡುಗಿ ಡಬ್ಬಿ ಒಂದಿನ ನಡದಿದ್ರ ನನ್ನ ಕೈಯಾಗ ಈ ಕೆಲಸ ಆಗ್ತಿರ್ಲಿಲ್ಲ."

ನಾನು ಚಹಾ ಮಾಡಲು ಒಳಗೆ ಹೋದೆ. ಅಷ್ಟೇ ಮಾಡಿದೆ.

ಬೇಸಿಗೆಯಲ್ಲಿ ಹುಡುಗಿ ಕ್ಯಾಮೆರಾ ಬಿಚ್ಚಿಕೊಂಡು ಹೋಗಲು ಬಂದಳು. ಕಡಬು ತಿನ್ನುವ ತೋಳದ ಫೋಟೋಕ್ಕೆ ಕಟ್ಟು ಹಾಕಿಸಿ ತಂದಿದ್ದಳು. ನನ್ನ ಕೈಗೆ ಕೊಟ್ಟು, ಮಂದಿ ಇಲ್ಲದ್ದು ನೋಡಿ, ಮೆಲ್ಲಗೆ ಹೇಳಿದಳು:

"ಅಜ್ಜಿ, ಕಪ್ಪಾಗೋ ಮೊದಲಿನ ಫೋಟೋದಲ್ಲಿ ಒಂದು ಕೈ ಇತ್ತು. ಬಳೆ ಇಲ್ಲದ ಕೈ, ಹಚ್ಚೆ ಹಾಕಿದ್ದು. ಅದನ್ನ ಅಳಿಸಿಬಿಟ್ಟೆ. ಯಾರೂ ನೋಡಿಲ್ಲ."

ನನ್ನ ಎಡಗೈಯ ಹಚ್ಚೆ ನಿಮಗೆ ಗೊತ್ತಲ್ಲ, ಚಿಕ್ಕವರಿದ್ದಾಗ ಅದರ ಚುಕ್ಕಿ ಎಣಿಸುತ್ತಿದ್ದಿರಿ. ಕೈಯನ್ನು ಸೆರಗಿನೊಳಗೆ ಎಳೆದುಕೊಂಡೆ. "ಅವತ್ತ ಕಟ್ಟಿ ಮ್ಯಾಲ ಯಾಕ ಹೇಳ್ಲಿಲ್ಲವಾ?" ಎಂದು ಕೇಳಿದೆ.

"ಅಷ್ಟು ಗಂಡಸರ ಮುಂದೆ ನಿಮ್ಮ ಕೈ ತೋರಿಸೋಕೆ ನನಗೆ ಮನಸ್ಸಾಗಲಿಲ್ಲ." ಚೀಲದ ಪಟ್ಟಿ ಬಿಗಿಯುತ್ತ, "ನೀವೇ ಹೇಳ್ತೀರೇನೋ ಅಂತ ಕಾದೆ," ಅಂದಳು.

ಅವಳ ದನಿಯಲ್ಲಿ ಸಿಟ್ಟು ಇರಲಿಲ್ಲ. ಸಿಟ್ಟಿದ್ದರೆ ಚೆನ್ನಾಗಿತ್ತು. ಬೈಕಿನ ಹಿಂದೆ ಚೀಲ ಕಟ್ಟಿ, ನಾವು ಕಲಿಸಿದ ಹಾಗೆ "ಬರ್ತೇನ್ರಿ ಆಯಿ" ಎಂದು ಹೋದಳು. ಮತ್ತೆ ಅವಳು ಈ ಕಡೆ ಬರಲಿಲ್ಲ. ನಿಮ್ಮ ಮಾವನ ಹತ್ತಿರವಿದ್ದ ಅವಳ ನಂಬರಿಗೆ ಹಚ್ಚಿದರೆ ಈಗ ಯಾರೋ ಹಿಂದಿ ಮಾತಾಡುವವರು ಎತ್ತುತ್ತಾರೆ.

ಆ ಬೆಳಗಿನಿಂದ ನಮ್ಮ ಪಾಯಖಾನೆ ಖಾಲಿಯಾಯಿತು. ನೀವು ಬಂದಾಗ ಬಳಸುವುದು ಅದನ್ನೇ. ನಾನೂ ಮತ್ತೆಂದೂ ತಂಬಿಗೆ ಹಿಡಿದು ಹಳ್ಳಕ್ಕೆ ಹೋಗಲಿಲ್ಲ. ಆ ಕಟ್ಟಿಗೆಯನ್ನು ಒಂದು ತಿಂಗಳು ಮೊದಲು ನಾನೇ ಹೊರಗೆ ಹಾಕಿಸಿದ್ದರೆ ಎಂದು ಚಿಲಕ ತೆಗೆಯುವಾಗಲೆಲ್ಲ ಅನಿಸುತ್ತದೆ. ಚರಗ ಈಗಲೂ ಚೆಲ್ಲುತ್ತೇನೆ. ಹಳ್ಳದ ದಾರಿಗೆ ಒಂದು ಕಡಬು ಹೆಚ್ಚೇ ಹಾಕುತ್ತೇನೆ. ಮರುದಿನ ಅದು ಇರುವುದಿಲ್ಲ. ತಿಂದವರು ಯಾರೆಂದು ಹೇಳುವ ಪೆಟ್ಟಿಗೆ ಈಗಿಲ್ಲ. ನಾಯಿಯೇ ಇರಬೇಕು.

ಇಷ್ಟು ಬರೆದ ಮೇಲೆ ನಿಮಗೆ ಕೊಡಬೇಕೆಂದು ವಹಿ ಮಡಿಚಿದೆ. ಆದರೆ ಇದನ್ನು ಮೊದಲು ಕೇಳಬೇಕಾದವರು ನೀವಲ್ಲ ಅನಿಸಿತು. ಹೋದ ಸೋಮವಾರ ಕುರಿ ಮುತ್ಯಾ ಬಾಗಿಲ ಮುಂದೆ ಹಾದುಹೋಗುವಾಗ ಕರೆದೆ. ಈಗ ಅವರಿಗೆ ಕಣ್ಣು ಮಂದ, ಕುರಿ ಕಾಯುವುದು ಮಗ. ಚಹಾ ಕೊಟ್ಟು ಎದುರು ಕೂತೆ. ಹೇಳಲು ಬರಲಿಲ್ಲ. ವಹಿ ತಂದು ಓದಿದೆ. ಕಟ್ಟಿಗೆ ಕೇಳಲು ಅವರು ಬಂದ ಮಾತಿನವರೆಗೂ ಅವರು ತಲೆ ತಗ್ಗಿಸಿಯೇ ಕೂತಿದ್ದರು. ಅಲ್ಲಿಗೆ ಬಂದಾಗ ಕೈ ಎತ್ತಿ ಸಾಕು ಅಂದರು.

"ಇಷ್ಟು ವರ್ಷ ಆ ಹುಡುಗಿಗಿ ಬೈಕೋತ ಬಂದೇನಿ ವೈನಿ," ಅಂದರು. "ಡಬ್ಬಿ ನೆಟ್ಟಗ ಇಟ್ಕೊಳ್ಳಿಲ್ಲ ಅಂತ."

"ನನಗ ಬೈರಿ," ಅಂದೆ.

ಅವರು ಬೈಯಲಿಲ್ಲ. ರುಮಾಲು ಕಟ್ಟಿಕೊಂಡು, ಕೋಲು ಹುಡುಕಿ ಹಿಡಿದು ಎದ್ದರು. ಹೊಸ್ತಿಲು ಇಳಿದು ಹೋದರು. ಇಷ್ಟು ವರ್ಷಗಳಲ್ಲಿ ನಮ್ಮ ಮನೆಯ ಚಹಾ ಅವರು ಬಿಟ್ಟುಹೋದದ್ದು ಅದೇ ಮೊದಲು. ಲೋಟದ ಮೇಲೆ ಕೆನೆ ಕಟ್ಟಿತ್ತು. ಸಂಜೆಯವರೆಗೆ ಅದನ್ನು ಎತ್ತಲು ನನಗೆ ಮನಸ್ಸಾಗಲಿಲ್ಲ.